ಹಾಲಿನ ‘ಪ’ ಹೋಯಿತು, ಪಗಾರದ ‘ಪ’ ಯಾಕೆ ಉಳಿಯಿತು?

ಬೆಳಗಾದರೆ ಹಾಲು, ತಿಂಗಳು ತುಂಬಿದರೆ ಪಗಾರ. ಕಲಬುರಗಿಯಲ್ಲಿ ಸಂಸಾರ ಮಾಡುವವರ ಬಾಯಲ್ಲಿ ದಿನಾ ಓಡಾಡುವ ಪದಗಳಿವು. ಸಾವಿರ ವರ್ಷದ ಹಿಂದೆ ಹಾಲು ‘ಪಾಲ್’ ಆಗಿತ್ತು. ಆಮೇಲೆ ಅದರ ‘ಪ’ ಸವೆದು ‘ಹ’ ಆಯಿತು. ಹುಲಿ, ಹಂದಿ, ಹಣ್ಣು, ಹೆಸರು, ಹೊಲ ಎಲ್ಲದರ ಕಥೆಯೂ ಇದೇ. ಅವು ಆಗ ಪುಲಿ, ಪಂದಿ, ಪಣ್, ಪೆಸರ್, ಪೊಲ. ಹಾಗಾದರೆ ಪಗಾರ ಯಾಕೆ ‘ಹಗಾರ’ ಆಗಲಿಲ್ಲ?

ತಮಾಷೆ ಪ್ರಶ್ನೆ ಅಂತ ಬಿಟ್ಟುಬಿಡಬೇಡಿ. ಒಂದು ಪದ ಯಾವಾಗ ಬಂತು, ಯಾರ ಜೊತೆ ಬಂತು ಅಂತ ಹೇಳುವ ಕಾಗದಪತ್ರ ಹೆಚ್ಚಿನ ಸಲ ಸಿಗುವುದಿಲ್ಲ. ಆಗ ಪದದ ಒಳಗಿನ ಅಕ್ಷರವನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯವರು ಬೆಂಗಳೂರಿಗೆ ಹೋದರೆ ‘ನಿಮ್ಮದು ಕಲಬೆರಕೆ ಕನ್ನಡ’ ಅನ್ನಿಸಿಕೊಳ್ಳುವುದು ಹೊಸದೇನಲ್ಲ. ಬೆರೆತಿದೆ ನಿಜ. ಆದರೆ ಯಾವುದು ಯಾವಾಗ ಬೆರೆಯಿತು ಅಂತ ಹುಡುಕುತ್ತಾ ಹೋದರೆ ದೂರುವವರ ಮನೆಯಲ್ಲೂ ಅದೇ ಸಾಮಾನು ಸಿಗುತ್ತದೆ.

ಮೊದಲು ‘ಪ’ದ ಕಥೆ ಮುಗಿಸೋಣ. ಅದಕ್ಕೆ ಶಾಸನ ಓದಬೇಕಾಗಿಲ್ಲ, ನೂರರವರೆಗೆ ಎಣಿಸಿದರೆ ಸಾಕು.

ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಇಲ್ಲಿ ಎಲ್ಲಾ ಕಡೆ ‘ಹ’. ಇಪ್ಪತ್ತಕ್ಕೆ ಬಂದರೆ ‘ಪ್ಪ’. ಮೂವತ್ತು, ನಲವತ್ತು, ಐವತ್ತು, ಅರವತ್ತರಲ್ಲಿ ‘ವ’. ಎಪ್ಪತ್ತರಲ್ಲಿ ಮತ್ತೆ ‘ಪ್ಪ’. ಎಂಬತ್ತು, ತೊಂಬತ್ತರಲ್ಲಿ ‘ಬ’. ಎಲ್ಲವೂ ಹತ್ತರ ಲೆಕ್ಕವೇ ಆಗಿರುವಾಗ ಇಷ್ಟು ವೇಷ ಯಾಕೆ? ಹತ್ತರ ಹಳೆಯ ಹೆಸರು ‘ಪತ್ತು’. ಪದದ ತಲೆಯಲ್ಲಿ ಒಂಟಿಯಾಗಿ ನಿಂತ ‘ಪ’ ಮಾತ್ರ ‘ಹ’ ಆಯಿತು. ಪದದ ನಡುವೆ ಇದ್ದದ್ದು ಬೇರೆ ದಾರಿ ಹಿಡಿಯಿತು. ಒತ್ತು ಬಿದ್ದ ಕಡೆ ‘ಪ್ಪ’ ಗಟ್ಟಿಯಾಗಿ ಕೂತಿತು. ಎರಡು ಸ್ವರಗಳ ನಡುವೆ ಸಿಕ್ಕಿದ್ದು ಮೆತ್ತಗಾಗಿ ‘ವ’ ಆಯಿತು. ಅನುಸ್ವಾರದ ಪಕ್ಕದ್ದು ‘ಬ’ ಆಯಿತು. ಉಪ್ಪು, ತಪ್ಪು, ಕಪ್ಪು ಇವತ್ತಿಗೂ ಹಾಗೇ ಉಳಿದಿರುವುದು ಒತ್ತಿನ ದಯದಿಂದ.

ಒಂಬತ್ತೂ ಇದೇ ಗುಂಪಿನದ್ದು ಅಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅದು ಒಂದು ಮತ್ತು ಪತ್ತು ಸೇರಿ ಆದ ಪದ. ಹತ್ತಕ್ಕೆ ಒಂದು ಕಡಿಮೆ ಅಂತ ಅರ್ಥ. ಒಂದರಿಂದ ಎಂಟರವರೆಗೆ ಒಂದೊಂದಕ್ಕೂ ಸ್ವಂತ ಹೆಸರಿದೆ. ಒಂಬತ್ತಕ್ಕೆ ಬಂದಾಗ ನಮ್ಮ ಹಿರಿಯರು ಹತ್ತರಿಂದ ಹಿಂದಕ್ಕೆ ಎಣಿಸಿಬಿಟ್ಟರು.

‘ಪ’ ಹೇಳುವಾಗ ಎರಡೂ ತುಟಿ ಕೂಡಬೇಕು, ಆಮೇಲೆ ಗಾಳಿ ಸಿಡಿಯಬೇಕು. ತುಟಿ ಪೂರ್ತಿ ಕೂಡದಿದ್ದರೆ ಬರೀ ಊದಿದ ಸದ್ದು ಬರುತ್ತದೆ. ಅದೂ ಸಡಿಲವಾದರೆ ಉಳಿಯುವುದು ಗಂಟಲ ಉಸಿರು, ಅಂದರೆ ‘ಹ’. ಇದು ಕನ್ನಡದ ಸೋಮಾರಿತನ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಜಪಾನಿ ಭಾಷೆಯಲ್ಲೂ ಹಳೆಯ ‘ಪ’ ಹೀಗೇ ‘ಹ’ ಆಗಿದೆ. ಅವರು ತಮ್ಮ ದೇಶವನ್ನು ‘ನಿಹೋನ್’ ಅಂತಲೂ ಕರೆಯುತ್ತಾರೆ, ‘ನಿಪ್ಪೋನ್’ ಅಂತಲೂ ಕರೆಯುತ್ತಾರೆ. ಒತ್ತು ಇದ್ದ ಕಡೆ ‘ಪ’ ಉಳಿದಿದೆ, ನಮ್ಮ ಇಪ್ಪತ್ತಿನ ಹಾಗೆಯೇ. ಎರಡು ಭಾಷೆಗಳಿಗೆ ನಂಟಿಲ್ಲ, ಬಾಯಿ ಮಾತ್ರ ಎಲ್ಲರದ್ದೂ ಒಂದೇ. ಸವೆತ ಇಲ್ಲಿಗೇ ನಿಲ್ಲುವುದೂ ಇಲ್ಲ. ಹಳೇ ಮೈಸೂರಿನ ಕೆಲವು ಹಳ್ಳಿಗಳಲ್ಲಿ ‘ಹ’ವೂ ಹೋಗಿ ಹಾಲು ‘ಆಲು’ ಆಗಿದೆ.

ಇದು ಯಾವ ಕಾಲದ ಮಾತು? ಅದಕ್ಕೆ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಬೇಕು. ಕಾಗಿಣಾ ನದಿ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಮಾತಿನ ‘ಪದನ್’ ಅರಿತವರು ಈ ನಾಡಿನ ಜನ ಅಂತ ಅದು ಹೊಗಳುತ್ತದೆ. ಆ ‘ಪದನ್’ ಇವತ್ತಿನ ‘ಹದ’. ಅಂದರೆ ಒಂಬತ್ತನೇ ಶತಮಾನದಲ್ಲಿ ‘ಪ’ ಇನ್ನೂ ಗಟ್ಟಿಯಾಗಿತ್ತು. ಹತ್ತನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲಲ್ಲಿ ‘ಹ’ ಇಣುಕಲು ಶುರು. ಹದಿನಾಲ್ಕರ ಹೊತ್ತಿಗೆ ಬದಲಾವಣೆ ಹೆಚ್ಚುಕಡಿಮೆ ಮುಗಿದಿತ್ತು. ಬಸವಕಲ್ಯಾಣದಲ್ಲಿ ಶರಣರು ಮಾತಾಡುತ್ತಿದ್ದ ಹನ್ನೆರಡನೇ ಶತಮಾನ ಸರಿಯಾಗಿ ನಡುವೆ ಬೀಳುತ್ತದೆ.

ಕವಿರಾಜಮಾರ್ಗದ ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಅದು ಹೇಳುವುದು ಎಲ್ಲರಿಗೂ ಬಾಯಿಪಾಠ. ತಿರುಳುಗನ್ನಡದ, ಅಂದರೆ ಕನ್ನಡದ ತಿರುಳಿನ, ಸೀಮೆ ಅಂತ ಅದು ಹೆಸರಿಸುವ ಊರುಗಳು ಯಾವುವು ಗೊತ್ತಾ? ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಕಡೆಯ ನೆಲ. ಪುಸ್ತಕ ಬರೆಸಿದ ರಾಜಧಾನಿ ಮಳಖೇಡವೇ ಆ ಪಟ್ಟಿಯಲ್ಲಿಲ್ಲ! ಅದೇ ಪುಸ್ತಕ ಭಾಷೆಯನ್ನು ‘ಕನ್ನಡಂಗಳ್’ ಅಂತ ಬಹುವಚನದಲ್ಲೂ ಕರೆಯುತ್ತದೆ. ಊರೂರಿಗೆ ಕನ್ನಡ ಬೇರೆ, ಅವುಗಳ ತಪ್ಪು ಲೆಕ್ಕ ಹಾಕಲು ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರುತ್ತದೆ ಅನ್ನುವುದು ಅದರ ಅಭಿಪ್ರಾಯ. ‘ನಿಮ್ಮ ಕಡೆ ಕನ್ನಡ ಸರಿ ಇಲ್ಲ’ ಅನ್ನುವ ಜಗಳ 1,100 ವರ್ಷಕ್ಕೂ ಹಳೆಯದು.

ಹಳೆಯ ‘ಪ’ ಕೇಳಬೇಕು ಅನ್ನಿಸಿದರೆ ಬೀದರ್‌ನಿಂದ ಜಹೀರಾಬಾದ್ ಕಡೆಗೆ ಅಥವಾ ಗುರುಮಠಕಲ್ ದಾಟಿ ತೆಲಂಗಾಣದ ಕಡೆಗೆ ಬಸ್ ಹತ್ತಿ. ತೆಲುಗಿನಲ್ಲಿ ಈ ಸವೆತ ಆಗಲೇ ಇಲ್ಲ. ಅಲ್ಲಿ ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ, ಹಣ್ಣು ಪಂಡು, ಹೆಸರು ಪೇರು, ಹೊಲ ಪೊಲಂ. ಹಾದಿಯ ಬೋರ್ಡುಗಳಲ್ಲಿ ‘ಹಳ್ಳಿ’ ಮುಗಿದು ‘ಪಲ್ಲಿ’ ಶುರುವಾಗುತ್ತದೆ. ಎರಡೂ ಒಂದೇ ಪದ.

ಈಗ ಪಗಾರಕ್ಕೆ ಬರೋಣ. ಅದು ಪೋರ್ಚುಗೀಸ್ ಪದ. ಅವರಲ್ಲಿ ‘ಪಗಾರ್’ ಅಂದರೆ ಹಣ ಕೊಡು, ತೀರಿಸು. ಅವರು ಗೋವಾ ಹಿಡಿದದ್ದು 1510ರಲ್ಲಿ. ಕೊಂಕಣಿ, ಮರಾಠಿಗಳನ್ನು ಹಾದು ಪದ ನಮ್ಮ ಬಿಸಿಲಿಗೆ ತಲುಪುವ ಹೊತ್ತಿಗೆ ‘ಪ’ವನ್ನು ‘ಹ’ ಮಾಡುವ ಚಾಳಿಯೇ ಕನ್ನಡದಲ್ಲಿ ನಿಂತುಹೋಗಿತ್ತು. ಅದಕ್ಕೇ ಪಗಾರ ಹಗಾರ ಆಗಲಿಲ್ಲ. ಪದದ ಮೊದಲ ಅಕ್ಷರ ಇಲ್ಲಿ ಅಂಚೆ ಕಾಗದದ ಮೇಲಿನ ಠಸ್ಸೆಯಂತೆ ಕೆಲಸ ಮಾಡುತ್ತದೆ: ಕಳಿಸಿದವರ ಹೆಸರು ಕಾಣದಿದ್ದರೂ ತಲುಪಿದ ಕಾಲ ತಿಳಿಯುತ್ತದೆ. ತಡವಾಗಿ ಬಂದ ಇನ್ನೂ ಕೆಲವನ್ನು ನೋಡಿ. ಫಾರಸಿಯ ಪರದೆ. ಪೋರ್ಚುಗೀಸರ ಪಾವ್. ಹೊಲದ ಪಹಣಿ. ಪಹಣಿಯಂತೂ ಮರಾಠಿಯ ‘ಪಾಹಣೆ’ಯಿಂದ ಬಂದದ್ದು, ನೋಡುವುದು ಅಂತ ಅರ್ಥ. ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ ಬರೆದದ್ದು ಪಹಣಿ. ಹಾಗೆ ನೋಡಿ ಬರೆಯುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಪೋರ್ಚುಗೀಸರ ‘ಪಗಾರ್’ ಹಿಂದೆ ಲ್ಯಾಟಿನ್ನಿನ ‘ಪಾಕಾರೆ’ ಇದೆ, ಶಾಂತ ಮಾಡು ಅಂತ ಅರ್ಥ. ಸಾಲ ಕೊಟ್ಟವನ ಕೈಗೆ ದುಡ್ಡಿಟ್ಟು ಅವನನ್ನು ಸುಮ್ಮನಾಗಿಸುವುದೇ ಮೂಲ ಪಗಾರ. ಒಂದನೇ ತಾರೀಖು ಮನೆಯಲ್ಲಿ ನೆಲೆಸುವ ಶಾಂತಿ ನೋಡಿದರೆ ಅರ್ಥ ಇನ್ನೂ ಸವೆದಿಲ್ಲ ಅನ್ನಿಸುತ್ತದೆ. ಬೆಂಗಳೂರು, ಮೈಸೂರಿನವರು ಪಗಾರ ಬಿಟ್ಟು ‘ಸಂಬಳ’ ಅನ್ನುತ್ತಾರೆ. ಅದೂ ಅಚ್ಚಗನ್ನಡವಲ್ಲ. ಸಂಸ್ಕೃತದ ‘ಶಂಬಲ’ ಅಂದರೆ ದಾರಿಗೆ ಕಟ್ಟಿಕೊಳ್ಳುವ ಬುತ್ತಿ. ಸಮುದ್ರವೇ ಕಾಣದ ನಮ್ಮ ಜಿಲ್ಲೆಗಳಲ್ಲಿ ಪೋರ್ಚುಗೀಸ್ ಪದಗಳು ಎಷ್ಟು ಅಂತೀರಿ! ಬಾಗಿಲಿಗೆ ಚಾವಿ, ಬಟ್ಟೆಗೆ ಇಸ್ತ್ರಿ, ಗೋಡೆಗೆ ಅಲಮಾರಿ, ಮನೆ ಕಟ್ಟಲು ಮೇಸ್ತ್ರಿ.

ಇದೇ ಗುರುತಿನಿಂದ ಸಂಸ್ಕೃತದ ಪದಗಳನ್ನೂ ವಿಂಗಡಿಸಬಹುದು. ‘ಹಬ್ಬ’ ಅಚ್ಚಗನ್ನಡ ಅಂತ ಬಹಳ ಜನ ನಂಬಿದ್ದಾರೆ. ಅದು ‘ಪರ್ವ’. ಹಕ್ಕಿ ‘ಪಕ್ಷಿ’. ಹೊತ್ತಗೆ ‘ಪುಸ್ತಕ’. ಇವು ಬೇಗ ಬಂದು, ನಮ್ಮ ಪದಗಳ ಜೊತೆಗೇ ಸವೆದು, ಮನೆಯವರೇ ಆಗಿಬಿಟ್ಟವು. ಆಮೇಲೆ ಓದುಬರಹದವರು ಅವೇ ಪದಗಳನ್ನು ಗ್ರಂಥದಿಂದ ಇನ್ನೊಮ್ಮೆ ತಂದರು. ಹೀಗೆ ಒಂದೇ ಪದ ಎರಡು ಸಲ ಬಂದು, ಒಂದೇ ಮನೆಯಲ್ಲಿ ಹಕ್ಕಿಯೂ ಇದೆ, ಪಕ್ಷಿಯೂ ಇದೆ.

ಅಪರೂಪಕ್ಕೆ ನಮ್ಮದೇ ಪದವೊಂದು ಇಬ್ಭಾಗವಾದದ್ದೂ ಉಂಟು. ‘ಪಡೆ’ ಮತ್ತು ‘ಹಡೆ’ ಮೂಲದಲ್ಲಿ ಒಂದೇ. ಬರಹದಲ್ಲಿ ಉಳಿದ ‘ಪಡೆ’ಗೆ ಗಳಿಸು ಅನ್ನುವ ಅರ್ಥ ಉಳಿಯಿತು. ಬಾಯಲ್ಲಿ ಬದಲಾದ ‘ಹಡೆ’ ಹೆರಿಗೆಗೆ ಮೀಸಲಾಯಿತು. ಪ್ರಶಸ್ತಿ ಪಡೆಯುತ್ತೇವೆ, ಮಗು ಹಡೆಯುತ್ತೇವೆ. ಅದಲು ಬದಲು ಮಾಡಿ ನೋಡಿ, ನಗು ಬರುತ್ತದೆ.

ಆದರೆ ‘ಹ’ ಕಂಡ ಕಡೆಯೆಲ್ಲ ಹಳೆಯ ‘ಪ’ ಹುಡುಕಲು ಹೋದರೆ ಎಡವುತ್ತೇವೆ. ಗಂಜ್‌ನಲ್ಲಿ ತೊಗರಿ ಮಾರುವಾಗ ‘ಸಾವಿರ’ವೂ ಕೇಳುತ್ತದೆ, ‘ಹಜಾರ’ವೂ ಕೇಳುತ್ತದೆ. ‘ಹಜಾರ್’ ಫಾರಸಿ. ಅದರ ‘ಹ’ ಹುಟ್ಟಿದ್ದು ‘ಸ’ದಿಂದ. ಸಂಸ್ಕೃತವೂ ಫಾರಸಿಯೂ ಒಂದೇ ಕುಲದ ಭಾಷೆಗಳು. ಸಂಸ್ಕೃತದಲ್ಲಿ ‘ಸ’ ಇರುವ ಕಡೆ ಇರಾನಿನ ಕವಲಿನಲ್ಲಿ ಹಲವು ಕಡೆ ‘ಹ’ ಬರುತ್ತದೆ. ಸಪ್ತ ಅಲ್ಲಿ ‘ಹಫ್ತ್’. ಏಳು ದಿನಕ್ಕೊಮ್ಮೆ ಕಟ್ಟುವುದು ಹಫ್ತಾ. ಸಿಂಧು ಅಲ್ಲಿ ‘ಹಿಂದು’. ಸಹಸ್ರ ಅಲ್ಲಿ ‘ಹಜಾರ್’. ಅದೇ ಸಹಸ್ರ ಕನ್ನಡಕ್ಕೆ ಬಂದು ‘ಸಾಸಿರ’ ಆಗಿ, ಆಮೇಲೆ ‘ಸಾವಿರ’ ಆಯಿತು. ಅಂದರೆ ದಲಾಲಿಯ ಹಜಾರವೂ ರೈತನ ಸಾವಿರವೂ ದಾಯಾದಿಗಳು. ಒಂದು ಇರಾನಿನ ಸುತ್ತು ಹಾಕಿ ಬಂತು, ಇನ್ನೊಂದು ನೇರವಾಗಿ ಬಂತು, ಇಬ್ಬರೂ ಸೇರಿದ್ದು ಕಲಬುರಗಿಯ ಗಂಜ್‌ನಲ್ಲಿ.

ಇಂಥ ದಾಯಾದಿಗಳು ಇನ್ನೂ ಇದ್ದಾರೆ. ಜಮಾದಾರ, ಇನಾಮದಾರ, ತಹಶೀಲ್ದಾರ ಇವುಗಳ ಬಾಲದ ‘ದಾರ್’ ಹಿಡಿದವನು ಅನ್ನುವ ಅರ್ಥದ್ದು. ಸಂಸ್ಕೃತದ ‘ಧಾರಕ’ದ ‘ಧಾರ’ವೂ ಅದೇ ಬೇರಿನದ್ದು. ಕನ್ನಡ ಅದನ್ನು ಬಿಡದೆ ಹಿಡಿದುಕೊಂಡು ಪಾಲುದಾರ, ಗುತ್ತಿಗೆದಾರ ಅಂತ ತನ್ನ ಪದಗಳಿಗೂ ಅಂಟಿಸಿತು.

ಕಚೇರಿಯ ಭಾಷೆ ನೋಡಿದರೆ ಈ ಸೀಮೆಯ ಚರಿತ್ರೆಯೇ ಕಾಣುತ್ತದೆ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜ್ಯ ಕಟ್ಟಿದರು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿತು. ಆರುನೂರು ವರ್ಷ ಇಲ್ಲಿನ ದರ್ಬಾರು ಮೊದಲು ಫಾರಸಿ, ಕೊನೆಗೆ ಉರ್ದು. ಹಾಗಾಗಿ ಇಲ್ಲಿ ಈ ಪದಗಳು ಜಾಸ್ತಿ. ಆದರೆ ‘ಜಿಲ್ಲೆ’, ‘ತಾಲ್ಲೂಕು’, ‘ತಾರೀಖು’, ‘ಅರ್ಜಿ’ ಅನ್ನುವುದು ಚಾಮರಾಜನಗರದವರೂ ಅಲ್ವಾ? ಈ ‘ಜಾಸ್ತಿ’ಯೇ ಅರಬ್ಬಿ ಮೂಲದ ‘ಜಿಯಾದತಿ’ಯಿಂದ ಬಂದದ್ದು. ಜಿಲ್ಲೆ ಅರಬ್ಬಿಯಲ್ಲಿ ಪಕ್ಕೆಲುಬು. ಪಕ್ಕೆಲುಬಿನಿಂದ ಪಕ್ಕ, ಪಕ್ಕದಿಂದ ನಾಡಿನ ಒಂದು ಭಾಗ, ಹೀಗೆ ಅರ್ಥ ಜರುಗಿದೆ. ತಾಲ್ಲೂಕು ಅಂದರೆ ನಂಟು, ಸಂಬಂಧ.

ಇವೆಲ್ಲಕ್ಕಿಂತ ದೂರದಿಂದ ಬಂದದ್ದು ‘ದಫ್ತರ’. ಗ್ರೀಕರ ‘ದಿಫ್ತೆರಾ’ ಅಂದರೆ ಹದ ಮಾಡಿದ ಚರ್ಮ. ಅದರ ಮೇಲೆ ಬರೆಯುತ್ತಿದ್ದರು. ಫಾರಸಿಯಲ್ಲಿ ಅದು ಲೆಕ್ಕದ ಪುಸ್ತಕವಾಯಿತು, ಆಮೇಲೆ ಲೆಕ್ಕ ಇಡುವ ಕಚೇರಿಯೇ ಆಯಿತು. ಡಾಕ್ಟರು ಹೇಳುವ ಡಿಫ್ತೀರಿಯಾ, ನಮ್ಮ ಗಂಟಲಮಾರಿ, ಅದೇ ಗ್ರೀಕ್ ಪದದಿಂದ ಬಂದಿದೆ. ಆ ರೋಗದಲ್ಲಿ ಗಂಟಲೊಳಗೆ ಚರ್ಮದಂಥ ಪೊರೆ ಕಟ್ಟುತ್ತದೆ, ಅದಕ್ಕೆ ಆ ಹೆಸರು. ದಫ್ತರಕ್ಕೆ ಅಲೆದು ಗಂಟಲು ಒಣಗಿದವರಿಗೆ ಈ ನಂಟು ಬೇಗ ಅರ್ಥವಾದೀತು.

ಇನ್ನೊಂದು ‘ಕಲಂ’. ಗ್ರೀಕರ ‘ಕಲಮೋಸ್’, ಅಂದರೆ ಜೊಂಡಿನ ದಂಟು. ಅರಬ್ಬಿಯಲ್ಲಿ ಅದು ಲೇಖನಿ. ಮರಾಠಿ, ಕನ್ನಡದ ಕಾನೂನು ಭಾಷೆಯಲ್ಲಿ ಲೇಖನಿಯಿಂದ ಬರೆದ ನಿಯಮವೂ ‘ಕಲಂ’ ಆಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ಸಿಕ್ಕ ವಿಶೇಷ ಸ್ಥಾನಮಾನದ ನಿಯಮ 371(ಜೆ) ಬಗ್ಗೆ ನಮ್ಮ ಕಡೆ ಮಾತಾಡದ ವಿದ್ಯಾರ್ಥಿ ಸಿಗುವುದು ಕಷ್ಟ. ‘ಕಲಂ 371(ಜೆ)’ ಅಂದಾಗಲೆಲ್ಲ ನೀರಿನ ದಂಡೆಯಲ್ಲಿ ಬೆಳೆದ ಒಂದು ಗ್ರೀಕ್ ಜೊಂಡು ಮೀಸಲಾತಿ ಅರ್ಜಿಯೊಳಗೆ ಬಂದು ಕೂರುತ್ತದೆ.

ಊರ ಹೆಸರುಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹುಷಾರಾಗುತ್ತೇನೆ. ಇಲ್ಲಿ ಕಥೆಗಳು ಹೆಚ್ಚು, ಆಧಾರ ಕಡಿಮೆ. ಗುಲ್ಬರ್ಗಾ ಅಂದರೆ ಫಾರಸಿಯಲ್ಲಿ ‘ಗುಲ್’ ಹೂವು, ‘ಬರ್ಗ್’ ಎಲೆ ಅಂತ ಒಂದು ವಿವರಣೆ. ಕಲಬುರಗಿಯ ‘ಕಲ್’ ಅಂದರೆ ಕಲ್ಲು, ಇದು ಕಲ್ಲು ನೆಲ ಅಂತ ಇನ್ನೊಂದು. ಬೀದರ್‌ಗೆ ಬಿದಿರಿನ ಕಥೆಯೂ ಇದೆ, ವಿದುರನ ಕಥೆಯೂ ಇದೆ. ಯಾದಗಿರಿ ಯಾದವರ ಗಿರಿ ಅಂತ ಒಬ್ಬರು ಅಂದರೆ, ಫಾರಸಿಯ ‘ಯಾದ್‌ಗಾರ್’, ಅಂದರೆ ನೆನಪಿನ ಗುರುತು, ಅಂತ ಇನ್ನೊಬ್ಬರು. ಗಮನಿಸಿ, ಕಥೆ ಯಾರದ್ದೋ ಅರ್ಥವೂ ಅವರ ಭಾಷೆಯದ್ದೇ. ದರ್ಬಾರಿನವರಿಗೆ ಫಾರಸಿ ಹೂವು ಕಂಡಿತು, ಪುರಾಣ ಬಲ್ಲವರಿಗೆ ವಿದುರ ಕಂಡ, ಹೊಲದವರಿಗೆ ಕಲ್ಲು, ಬಿದಿರು ಕಂಡವು. ಅರ್ಥ ಗೊತ್ತಿಲ್ಲದ ಹೆಸರನ್ನು ಜನ ಹಾಗೇ ಬಿಡುವುದಿಲ್ಲ, ಗೊತ್ತಿರುವ ಪದಕ್ಕೆ ಕಟ್ಟಿಹಾಕುತ್ತಾರೆ. ಎಲ್ಲಾ ಭಾಷೆಗಳಲ್ಲೂ ನಡೆಯುವ ಆಟವಿದು. ಕಥೆ ಎಷ್ಟು ಚೆನ್ನಾಗಿ ಹೊಂದುತ್ತದೋ ಅಷ್ಟು ಅನುಮಾನ ಪಡಬೇಕು ಅನ್ನುವುದು ನನ್ನ ಲೆಕ್ಕ.

ಒಂದಂತೂ ಖರೇ. ದರ್ಬಾರು ಇಟ್ಟ ಹೆಸರಿಗಿಂತ ಬಾಯಿಯ ಹೆಸರೇ ಗಟ್ಟಿ. ಬಹಮನಿಗಳು ಕಲಬುರಗಿಗೆ ಅಹಸನಾಬಾದ್ ಅಂತಲೂ ಬೀದರ್‌ಗೆ ಮುಹಮ್ಮದಾಬಾದ್ ಅಂತಲೂ ಹೆಸರಿಟ್ಟಿದ್ದರು. ಇವತ್ತು ಆ ಹೆಸರು ಹೇಳಿ ಟಿಕೆಟ್ ಕೇಳಿದರೆ ಕಂಡಕ್ಟರು ಮುಖ ನೋಡಿಯಾನು. ಹಳ್ಳಿಯವರ ಬಾಯಲ್ಲಿ ‘ಕಲಬುರ್ಗಿ’ ಇದ್ದೇ ಇತ್ತು. ಸರ್ಕಾರ ಅದನ್ನು ಒಪ್ಪಿದ್ದು 2014ರ ನವೆಂಬರ್ 1ರಂದು.

ನಾವು ಬರೀ ಎರವಲು ಪಡೆದವರು ಅಂತ ಯಾರೂ ತಿಳಿಯಬಾರದು. ನೀರು, ಮೀನು ಸಂಸ್ಕೃತದಿಂದ ಬಂದವು ಅಂತ ಹಲವರು ಅಂದುಕೊಂಡಿದ್ದಾರೆ. ಅವು ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋದವು ಅನ್ನುವುದು ಭಾಷಾ ವಿದ್ವಾಂಸರ ಮಾತು. ನಮ್ಮ ತೊಗರಿಯೂ ಹಾಗೆಯೇ. ಕನ್ನಡದ ತೊಗರಿ, ತಮಿಳಿನ ತುವರೈ ಒಂದೇ ಬಳ್ಳಿಯವು. ಆ ದ್ರಾವಿಡ ಪದವೇ ಸಂಸ್ಕೃತದಲ್ಲಿ ‘ತುವರೀ’, ಮರಾಠಿ ಹಿಂದಿಗಳಲ್ಲಿ ‘ತೂರ್’. ನಮ್ಮ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ದಾಖಲಾದ ಹೆಸರು ‘ಗುಲ್ಬರ್ಗಾ ತೂರ್ ದಾಲ್’. ಊರಿನ ಹೆಸರು ಬದಲಾಗಿ ಐದು ವರ್ಷವಾಗಿತ್ತು, ಆದರೂ ಹಳೆಯ ರೂಪ. ತೊಗರಿ ಊರೆಲ್ಲಾ ತಿರುಗಿ ‘ತೂರ್’ ಆಗಿ ಮನೆಗೆ ಬಂದಿದೆ. ‘ದಾಲ್’ ಸಂಸ್ಕೃತದ ಸೀಳು ಅನ್ನುವ ಧಾತುವಿನದ್ದು. ಬೇಳೆಗೆ ಜಾಗವೇ ಸಿಗಲಿಲ್ಲ.

ಪದಗಳು ಹೋಗಿ ಬರುವುದು ಸುಲಭ. ವಾಕ್ಯದ ಕಟ್ಟು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಅಪರೂಪ. ಅದು ನಮ್ಮಲ್ಲಿ ನಡೆದಿದೆ. ಕಲಬುರಗಿ, ಬೀದರ್‌ನ ಮನೆಗಳಲ್ಲಿ ಆಡುವ ದಖ್ಖನಿ ಉರ್ದು ಕೇಳಿ. ಬೇಡ ಅನ್ನಲು ‘ನಕ್ಕೋ’. ಅದು ಮರಾಠಿಯ ‘ನಕೋ’. ಅದಕ್ಕಿಂತ ಸ್ವಾರಸ್ಯದ್ದು ‘ಬೋಲ್ಕೆ’. ‘ಬರ್ತೀನಿ ಅಂತ ಹೇಳಿದ’ ಅನ್ನುವುದನ್ನು ದೆಹಲಿಯ ಉರ್ದುವಿನಲ್ಲಿ ‘ಉಸ್ನೇ ಕಹಾ ಕಿ…’ ಅಂತ ಶುರು ಮಾಡಬೇಕು. ಹೇಳಿದ್ದು ಮೊದಲು, ಏನು ಹೇಳಿದ ಅನ್ನುವುದು ಆಮೇಲೆ. ದಖ್ಖನಿಯಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’. ‘ಬರ್ತೀನಿ’ ಇರುವ ಕಡೆ ‘ಆತೂಂ’, ‘ಅಂತ’ ಇರುವ ಕಡೆ ‘ಬೋಲ್ಕೆ’, ‘ಹೇಳಿದ’ ಇರುವ ಕಡೆ ‘ಬೋಲ್ಯಾ’. ನಮ್ಮ ‘ಅಂತ’ ಕೂಡ ಹುಟ್ಟಿದ್ದು ‘ಎನ್’ ಅನ್ನುವ ಧಾತುವಿನಿಂದ, ಅದಕ್ಕೂ ಹೇಳು ಅಂತಲೇ ಅರ್ಥ. ತೆಲುಗಿನ ‘ಅನಿ’ಯೂ ಹೀಗೇ ಕೆಲಸ ಮಾಡುತ್ತದೆ. ಪದ ಒಂದೂ ಕನ್ನಡದ್ದಲ್ಲ, ತೆಲುಗಿನದ್ದಲ್ಲ. ಕೂತಿರುವ ಕ್ರಮ ಮಾತ್ರ ಪೂರ್ತಿ ಈ ನೆಲದ್ದು.